ಹುಳಿ ಬಿಡಿಸಿದ ಉಕ್ಕಿನ ಗುಟ್ಟು

ಕಬ್ಬಿಣದ ಈಳಿಗೆಮಣೆಯಲ್ಲಿ ಮಾವಿನಕಾಯಿ ಹೆಚ್ಚಿ ತೊಳೆಯದೆ ಬಿಟ್ಟರೆ ಏನಾಗುತ್ತದೆಂದು ಮನೆಯಲ್ಲಿ ಅಜ್ಜಿಯನ್ನು ಕೇಳಿ ನೋಡಿ. ಅಲಗೂ ಕಪ್ಪಾಗುತ್ತದೆ, ಅಲಗಿಗೆ ಅಂಟಿಕೊಂಡ ಹೋಳೂ ಕಪ್ಪಾಗುತ್ತದೆ. ಕಾಯಿಯ ಹುಳಿ ಒಂದಿಷ್ಟು ಕಬ್ಬಿಣವನ್ನು ಕರಗಿಸುತ್ತದೆ. ಕಾಯಿಯ ಒಗರು, ಅಂದರೆ ಟ್ಯಾನಿನ್, ಆ ಕರಗಿದ ಕಬ್ಬಿಣದೊಡನೆ ಸೇರಿ ಕಪ್ಪು ಬಣ್ಣ ತಾಳುತ್ತದೆ. ಹಿಂದಿನ ಕಾಲದ ಶಾಯಿಯ ತತ್ವವೂ ಇದೇ. ಅಡುಗೆಮನೆಯಲ್ಲಿ ಇದು ಕಿರಿಕಿರಿಯ ವಿಷಯ. ಆದರೆ ಹುಳಿಗೆ ಕಬ್ಬಿಣವನ್ನು ತಿನ್ನುವ ಶಕ್ತಿಯಿದೆ ಎಂಬುದನ್ನು ಆಯುಧ ಮಾಡುವವರು ಶತಮಾನಗಳ ಕಾಲ ಬೇಕೆಂದೇ ಬಳಸಿಕೊಂಡರು. ಬಳಸಿದ ಬಗೆ ಎರಡು. ಒಂದು, ಉಕ್ಕಿನ ಮೇಲೆ ಇಲ್ಲದ ಚಿತ್ರವನ್ನು ಬರೆಯುವುದು. ಇನ್ನೊಂದು, ಉಕ್ಕಿನೊಳಗೆ ಇರುವ ಚಿತ್ರವನ್ನು ಹೊರಗೆ ತರುವುದು.

ಮೊದಲನೆಯದನ್ನು ಬೇಗ ಹೇಳಿ ಮುಗಿಸಬಹುದು. ಹದಿನೈದನೆಯ ಶತಮಾನದ ಯೂರೋಪಿನಲ್ಲಿ ಸರದಾರರ ಕವಚಗಳ ಮೇಲೆ ಬಳ್ಳಿ, ಹೂವು, ಲಾಂಛನಗಳನ್ನು ಬಿಡಿಸುವ ಫ್ಯಾಷನ್ ಇತ್ತು. ಗಟ್ಟಿ ಉಕ್ಕನ್ನು ಉಳಿಯಿಂದ ಕೆತ್ತುವುದು ಕಷ್ಟ. ಅದಕ್ಕಾಗಿ ಲೋಹದ ಮೇಲೆ ಮೇಣವನ್ನೋ ಎಣ್ಣೆಬಣ್ಣವನ್ನೋ ಬಳಿದು, ಬೇಕಾದ ಕಡೆ ಸೂಜಿಯಿಂದ ಗೀರಿ, ವಿನಿಗರ್, ಉಪ್ಪು ಮೊದಲಾದುವನ್ನು ಕಲಸಿದ ಲೇಪ ಹಚ್ಚುತ್ತಿದ್ದರು. ಮೇಣವಿದ್ದಲ್ಲಿ ಉಕ್ಕು ಉಳಿಯುತ್ತಿತ್ತು, ಗೀರಿದಲ್ಲಿ ತಗ್ಗು ಬೀಳುತ್ತಿತ್ತು. ಜರ್ಮನಿಯ ಆಗ್ಸ್‌ಬರ್ಗ್ ನಗರದ ಡೇನಿಯಲ್ ಹಾಪ್‌ಫರ್ ಎಂಬ ಕವಚ ಅಲಂಕಾರಗಾರ ಸುಮಾರು 1500ರಲ್ಲಿ ಇಂಥದೇ ಕಬ್ಬಿಣದ ತಗಡಿನ ತಗ್ಗುಗಳಿಗೆ ಮಸಿ ತುಂಬಿ ಕಾಗದದ ಮೇಲೆ ಚಿತ್ರ ಅಚ್ಚು ಹಾಕಿದ. ಎಚ್ಚಿಂಗ್ ಎಂಬ ಮುದ್ರಣ ಕಲೆ ಹುಟ್ಟಿದ್ದು ಹೀಗೆ. ಹೆಸರಾಂತ ಕಲಾವಿದ ಡ್ಯೂರರ್ ಕೂಡ 1515ರಿಂದ 1518ರ ನಡುವೆ ಕಬ್ಬಿಣದ ತಗಡಿನಲ್ಲಿ ಕೆಲವು ಚಿತ್ರ ಮಾಡಿದ್ದಾನೆ.

ಇದನ್ನು ನೀವೂ ಮಾಡಿ ನೋಡಬಹುದು. ಹರಿತವಿಲ್ಲದ ಒಂದು ಸಾಮಾನ್ಯ ಉಕ್ಕಿನ ಪಟ್ಟಿ ತೆಗೆದುಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಆಗದು. ಅದರಲ್ಲಿರುವ ಕ್ರೋಮಿಯಂ ಹುಳಿಗೆ ಜಗ್ಗುವುದಿಲ್ಲ. ಪಟ್ಟಿಯನ್ನು ಸೋಪಿನಿಂದ ಜಿಡ್ಡು ಹೋಗುವಂತೆ ತೊಳೆದು, ಒರೆಸಿ, ಎರಡೂ ಬದಿಗೆ ಕರಗಿದ ಮೇಣ ಬಳಿಯಿರಿ. ಮೇಣ ಕರಗಿಸುವಾಗ ಹಿರಿಯರು ಜೊತೆಗಿರಲಿ. ಮೊಳೆಯಿಂದ ಹೆಸರು ಗೀರಿ, ವಿನಿಗರ್‌ಗೆ ಒಂದು ಚಮಚ ಉಪ್ಪು ಹಾಕಿದ ಗಾಜಿನ ಲೋಟದಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಗೀರಿದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಹೈಡ್ರೋಜನ್, ಆದ್ದರಿಂದ ಲೋಟವನ್ನು ಮುಚ್ಚಬೇಡಿ, ಬೆಂಕಿಯ ಹತ್ತಿರ ಇಡಬೇಡಿ, ಬ್ಲೀಚ್‌ನಂಥ ಬೇರೆ ಏನನ್ನೂ ಬೆರೆಸಬೇಡಿ. ಬೆಳಿಗ್ಗೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಮೇಣ ತೆಗೆದು ಎಣ್ಣೆ ಸವರಿದರೆ ನಿಮ್ಮ ಹೆಸರು ಅಲ್ಲಿರುತ್ತದೆ. ಆಮೇಲೆ ಅದನ್ನು ಮರಳು ಕಾಗದದಿಂದ ಉಜ್ಜಿ. ಹೆಸರು ಹೋಗುತ್ತದೆ, ಮತ್ತೆ ಎಷ್ಟು ವಿನಿಗರ್ ಹಾಕಿದರೂ ಮರಳಿ ಬರುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಎರಡನೆಯ ಬಗೆ. ಮಧ್ಯಯುಗದಲ್ಲಿ ಪರ್ಷಿಯಾ, ಅರಬ್ ದೇಶಗಳ ಪೇಟೆಗಳಲ್ಲಿ ಅತ್ಯಂತ ಬೆಲೆಬಾಳುತ್ತಿದ್ದ ಕತ್ತಿಗಳ ಮೈಮೇಲೆ ನೀರಿನ ಅಲೆಯಂಥ ವಿನ್ಯಾಸವಿತ್ತು. ಯೂರೋಪಿನವರು ಅವನ್ನು ಡಮಾಸ್ಕಸ್ ಕತ್ತಿಗಳೆಂದು ಕರೆದರು. ಒಂಬತ್ತನೆಯ ಶತಮಾನದ ಅಲ್ ಕಿಂದಿ ಖಡ್ಗಗಳ ಬಗ್ಗೆಯೇ ಒಂದು ಗ್ರಂಥ ಬರೆದಿದ್ದಾನೆ. ಹೊಸದಾಗಿ ಉಜ್ಜಿದ ಕತ್ತಿಯಲ್ಲಿ ಈ ಅಲೆ ಸರಿಯಾಗಿ ಕಾಣುವುದಿಲ್ಲ. ದೂರದರ್ಶನದ ಕೆಲಸದವರಾದ ನಮಗೆ ಇದರ ಅನುಭವ ಚೆನ್ನಾಗಿದೆ: ಹೊಳೆಯುವ ಲೋಹಕ್ಕೆ ಕ್ಯಾಮೆರಾ ಹಿಡಿದರೆ ಲೋಹ ಕಾಣದು, ನಾವು ಹಾಕಿದ ದೀಪವೇ ಕಾಣುತ್ತದೆ. ಉಜ್ಜಿದ ಅಲಗಿಗೆ ಅನ್ನಭೇದಿಯಂಥ ಗಂಧಕದ ಲವಣವನ್ನು ನೀರಿನಲ್ಲಿ ಕಲಸಿ ಸವರಿದಾಗ ಹೊಳಪು ಅಡಗಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಎಳೆಗಳು ಮೂಡುತ್ತವೆ.

ಇಲ್ಲಿ ಮೇಣವಿಲ್ಲ, ಸೂಜಿಯಿಲ್ಲ. ವಿನ್ಯಾಸ ಉಕ್ಕಿನಲ್ಲೇ ಇತ್ತು. ಈ ಉಕ್ಕಿನಲ್ಲಿ ಇಂಗಾಲ ಶೇಕಡಾ ಒಂದೂವರೆಯ ಆಸುಪಾಸಿನಲ್ಲಿರುತ್ತದೆ. ಅದರ ಒಂದು ಪಾಲು ಕಬ್ಬಿಣದ ಕಾರ್ಬೈಡ್ ಆಗಿ ಸಾಲುಸಾಲಾಗಿ ನಿಂತಿರುತ್ತದೆ. ಆಮ್ಲ ಸುತ್ತಲಿನ ಉಕ್ಕನ್ನು ತಿಂದು ಕಪ್ಪಾಗಿಸುತ್ತದೆ, ಗಟ್ಟಿ ಕಾರ್ಬೈಡನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬೆಲೆಬಾಳುವ ವಸ್ತುವಿದ್ದಲ್ಲಿ ನಕಲಿಯೂ ಇರುತ್ತದಲ್ಲ, ಅಗ್ಗದ ಕತ್ತಿಗೆ ಮೇಣ ಬಳಿದು ಅಲೆ ಬರೆದು ಮಾರುವವರು ಹುಟ್ಟಿಕೊಂಡರು. ಇವರನ್ನು ಹಿಡಿಯುವ ಉಪಾಯವೂ ಹುಳಿಯದೇ. ಅಲಗಿನ ಒಂದು ಮೂಲೆಯನ್ನು ಪೂರ್ತಿ ಉಜ್ಜಿ ಮತ್ತೆ ಆಮ್ಲ ಸವರಬೇಕು. ಬರೆದ ಅಲೆ ನಿಮ್ಮ ಹೆಸರಿನಂತೆಯೇ ಹೋಗಿಬಿಡುತ್ತದೆ. ಒಳಗಿನ ಅಲೆ ಮತ್ತೆ ಏಳುತ್ತದೆ.

ಈ ಕತ್ತಿಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ಹೆಚ್ಚಾಗಿ ಹೋಗುತ್ತಿದ್ದುದು ದಕ್ಷಿಣ ಭಾರತದಿಂದ. ಈಗಿನ ತೆಲಂಗಾಣದ ಕೋನಸಮುದ್ರಕ್ಕೆ ಪರ್ಷಿಯಾದ ವ್ಯಾಪಾರಿಗಳೇ ಬಂದು ಕೊಳ್ಳುತ್ತಿದ್ದರು. ನಮ್ಮಲ್ಲಿ ಮಾಗಡಿ, ಮಧುಗಿರಿ ಸೀಮೆಗಳಲ್ಲಿ ಉಕ್ಕು ಮಾಡುತ್ತಿದ್ದರು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಎರಡು ಹಸಿ ಎಲೆ. ಬಾಯಿ ಮುಚ್ಚಿ, ಇದ್ದಿಲು ತುಂಬಿ, ತಿದಿ ಊದುವುದು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತಿತ್ತು.

1794ರಲ್ಲಿ ಮುಂಬಯಿಯಿಂದ ಡಾಕ್ಟರ್ ಹೆಲೆನಸ್ ಸ್ಕಾಟ್ ಇಂಥ ಉಕ್ಕಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಇದರ ಬಗ್ಗೆ ಪ್ರಬಂಧ ಮಂಡಿಸಿದಾಗ ಅದರ ಹೆಸರು ವೂಟ್ಸ್ ಎಂದಾಗಿತ್ತು. ನಮ್ಮ 'ಉಕ್ಕು' ಎಂಬ ಮಾತೇ ಕಿವಿಯಿಂದ ಕಿವಿಗೆ ದಾಟಿ ಹೀಗಾಯಿತೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ.

ಮುಂದಿನದು ವಿಜ್ಞಾನದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ. ವಿದ್ಯುತ್ತಿಗೆ ಹೆಸರಾದ ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಚಾಕು ಕತ್ತರಿ ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಎಂಬುವನೊಡನೆ ಸೇರಿ ಆತ ವೂಟ್ಸ್ ನಕಲು ಮಾಡಲು ಹೊರಟ. ಸಿಲಿಕಾ, ಅಲ್ಯೂಮಿನಾಗಳಲ್ಲಿ ಗುಟ್ಟಿದೆಯೆಂದು ಊಹಿಸಿ 1820ರ ಹೊತ್ತಿಗೆ ಪ್ರಯೋಗದ ಮೇಲೆ ಪ್ರಯೋಗ ಮಾಡಿದ. ಊಹೆ ತಪ್ಪಾಗಿತ್ತು. ಕಾರಣ ಇಂಗಾಲ ಎಂದು ಸರಿಯಾಗಿ ಗುರುತಿಸಿದವನು ಪ್ಯಾರಿಸ್ ಟಂಕಸಾಲೆಯ ಬ್ರೆಯಾಂ. ರಷ್ಯಾದ ಜ್ಲಾಟೌಸ್ಟ್‌ನಲ್ಲಿ ಪಾವೆಲ್ ಅನೊಸೊವ್ 1831ರಲ್ಲಿ ಆಮ್ಲ ಹಚ್ಚಿದ ಉಕ್ಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. 1863-64ರಲ್ಲಿ ಶೆಫೀಲ್ಡಿನ ಹೆನ್ರಿ ಸಾರ್ಬಿ ಅದನ್ನೇ ಒಂದು ಶಾಸ್ತ್ರವಾಗಿಸಿದ. ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರು ಪ್ರಯೋಗಾಲಯದಲ್ಲಿ ಉಕ್ಕಿನ ತುಂಡನ್ನು ಉಜ್ಜಿ, ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೊಹಾಲಿನಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೀರಿ. ಕತ್ತಿ ಪೇಟೆಯಲ್ಲಿ ಅಸಲಿ ನಕಲಿ ನೋಡುತ್ತಿದ್ದವನು ಮಾಡುತ್ತಿದ್ದುದೂ ಅದನ್ನೇ, ಸೂಕ್ಷ್ಮದರ್ಶಕವೊಂದಿರಲಿಲ್ಲ.

ಕಾರ್ಬೈಡ್ ಸಾಲುಗಟ್ಟುವುದಕ್ಕೆ ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುಗಳ ಅತಿ ಸಣ್ಣ ಅಂಶ ಕಾರಣವೆಂದು 1998ರಲ್ಲಿ ಅಮೆರಿಕದ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ತೋರಿಸಿದರು. ಇದನ್ನು ಹಿಡಿದುಕೊಂಡು ನಮ್ಮ ಹಿರಿಯರಿಗೆ ವೆನೇಡಿಯಂ ಗೊತ್ತಿತ್ತೆಂದು ಭಾಷಣ ಮಾಡುವವರಿದ್ದಾರೆ. ಅಂಥ ಹೆಮ್ಮೆ ನನಗೆ ಬೇಡ. ಅವರಿಗೆ ಗೊತ್ತಿದ್ದುದು ಮೂಸೆಯ ಹದ, ಬೆಂಕಿಯ ಬಣ್ಣ. ಅದು ಕೈಯಿಂದ ಕೈಗೆ ಹೋಗುವ ತಿಳಿವಳಿಕೆ. ಬುಕಾನನ್ ಎರಡು ಎಲೆಗಳನ್ನು ಎಣಿಸಿ ಬರೆದುಕೊಂಡ. ಮೂಸೆ ಕಟ್ಟುತ್ತಿದ್ದವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಆ ಕುಲುಮೆಗಳು ಹೆಚ್ಚುಕಡಿಮೆ ಆರಿಹೋಗಿದ್ದುವು.

ಈಗ ಡಮಾಸ್ಕಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಾಕುಗಳಲ್ಲಿ ಬಹುಪಾಲು ಎರಡು ಜಾತಿಯ ಉಕ್ಕನ್ನು ಪದರಪದರವಾಗಿ ಬೆಸೆದವು. ಅವನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸುತ್ತಾರೆ. ಕಪ್ಪು ಗಾಢವಾಗಲೆಂದು ಕಡುಕಾಫಿಯಲ್ಲಿ ನೆನೆಸುವವರೂ ಇದ್ದಾರೆ. ಆ ಗೆರೆಗಳೂ ಸುಳ್ಳಲ್ಲ, ಆದರೆ ಅದು ಬೇರೆ ವಿದ್ಯೆ.

ಹಳೆಯ ಖಡ್ಗಗಳಿಗೆ ಪದೇ ಪದೇ ಆಮ್ಲ ಹಚ್ಚುವಂತಿಲ್ಲ, ಪ್ರತಿ ಸಲವೂ ಒಂದಿಷ್ಟು ಉಕ್ಕು ಸವೆಯುತ್ತದೆ. ಯಾವ ಕಾಲದಲ್ಲೋ ಯಾರೋ ತಿಕ್ಕಿ ಹೊಳಪು ಕೊಟ್ಟ ಎಷ್ಟೋ ಕತ್ತಿಗಳು ವಸ್ತುಸಂಗ್ರಹಾಲಯಗಳಲ್ಲಿ ಬರಿಯ ಬೂದು ಬಣ್ಣದವಾಗಿ ಕಾಣುತ್ತವೆ. ಮುಂದಿನ ಸಲ ಹೋದಾಗ ಗಾಜಿನ ಪೆಟ್ಟಿಗೆಯ ಎದುರು ನಿಲ್ಲದೆ ಸ್ವಲ್ಪ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಹಿಡಿಯ ಹತ್ತಿರ, ತಿಕ್ಕುವವನ ಕೈ ಸರಿಯಾಗಿ ತಲುಪದ ಜಾಗದಲ್ಲಿ, ಒಂದೆರಡು ಅಲೆ ಉಳಿದಿದ್ದರೂ ಉಳಿದಿರಬಹುದು.