ದೋಷದ ತೂಕ

ಸಂಬಳ ಕೊಡುವ ಕಡೆ, ಸಾಫ್ಟ್‌ವೇರಿನಲ್ಲಿ ಸಿಕ್ಕ ದೋಷ ದೊಡ್ಡದೋ ಚಿಕ್ಕದೋ ಎಂಬ ಜಗಳ ಬಹಳ ಹೊತ್ತು ನಡೆಯುವುದಿಲ್ಲ. ಮೇಲಿನವರು ಒಂದು ಮಾತು ಹೇಳುತ್ತಾರೆ, ಕೆಳಗಿನವರು ಗೊಣಗಿಕೊಂಡು ಕೆಲಸಕ್ಕೆ ಕೂರುತ್ತಾರೆ. ಸಂಬಳವೇ ಇಲ್ಲದ ಕಡೆ ಗತಿಯೇನು? ಗದರಿಸಿದರೆ ಮನುಷ್ಯ ನಾಳೆಯಿಂದ ಬರುವುದಿಲ್ಲ, ಅಷ್ಟೆ. ಡೆಬಿಯನ್ ಬಳಗದ ಕಥೆ ನನಗೆ ರುಚಿಸಿದ್ದು ಈ ಕಾರಣಕ್ಕೆ.

ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ 1993ರ ಆಗಸ್ಟ್‌ನಲ್ಲಿ ಇದನ್ನು ಆರಂಭಿಸಿದರು. ಲಿನಕ್ಸ್ ಮತ್ತು ಅದರ ಸುತ್ತಲಿನ ಸಾಫ್ಟ್‌ವೇರುಗಳನ್ನು ಒಟ್ಟುಮಾಡಿ ಎಲ್ಲರಿಗೂ ಹಂಚುವ ಕೆಲಸ. ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರನ್ನು ಅಂಟಿಸಿ ‘ಡೆಬಿಯನ್’ ಎಂದರು. ಒಂದೊಂದು ಪ್ಯಾಕೇಜಿಗೂ ಒಬ್ಬ ಪಾಲಕ. ದೋಷಗಳನ್ನು ಬರೆಯಲು ಒಂದು ತೆರೆದ ಖಾತೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು. ನಮ್ಮ ಹುಳುಕನ್ನು ಮುಚ್ಚಿಡುವುದಿಲ್ಲ ಎಂದು 1997ರ ‘ಸಾಮಾಜಿಕ ಒಪ್ಪಂದ’ದಲ್ಲಿ ಮಾತೂ ಕೊಟ್ಟುಬಿಟ್ಟರು.

ಆ ಖಾತೆಯಲ್ಲಿ ದೋಷಕ್ಕೆ ಏಳು ದರ್ಜೆ. ಮೇಲಿನಿಂದ ಕ್ರಿಟಿಕಲ್, ಗ್ರೇವ್, ಸೀರಿಯಸ್. ಕೆಳತುದಿಯಲ್ಲಿ ‘ಹೀಗಿದ್ದರೆ ಚೆನ್ನಾಗಿತ್ತು’ ಎಂಬ ಆಸೆಗಳ ಪಟ್ಟಿ. ಮೇಲಿನ ಮೂರರಲ್ಲಿ ಸಿಕ್ಕಿಬಿದ್ದರೆ ದೋಷ ಸರಿಹೋಗಬೇಕು, ಇಲ್ಲವೇ ಆ ಪ್ಯಾಕೇಜು ಹೊಸ ಆವೃತ್ತಿಯಿಂದ ಹೊರಬೀಳಬೇಕು. ವರ್ಷಗಟ್ಟಲೆ ಬಿಡುವಿನ ವೇಳೆ ಸುರಿದವನಿಗೆ ಆ ಒಂದು ಪದ ಗಡೀಪಾರಿನ ಆಜ್ಞೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ದೂರು ಕೊಟ್ಟವನು ದರ್ಜೆ ಏರಿಸುತ್ತಾನೆ, ಪಾಲಕ ಇಳಿಸುತ್ತಾನೆ, ಇವನು ಮತ್ತೆ ಏರಿಸುತ್ತಾನೆ. ಏರಿಳಿತವೆಲ್ಲ ಖಾತೆಯಲ್ಲಿ ದಾಖಲಾಗುತ್ತದೆ. ಓದಿದರೆ ಗದ್ದೆಯ ಬದುವಿನ ವ್ಯಾಜ್ಯದಂತೆಯೇ ಇರುತ್ತದೆ!

1998ರಲ್ಲಿ ಬಳಗ ತನಗೊಂದು ಸಂವಿಧಾನ ಬರೆದುಕೊಂಡಿತು. ಯಾರೂ ಯಾರಿಗೂ ಕೆಲಸ ಮಾಡಲೇಬೇಕೆಂದು ಹೇಳುವಂತಿಲ್ಲ, ಆದರೆ ನಿಯಮಕ್ಕೆ ಅಡ್ಡಗಾಲು ಹಾಕುವಂತಿಲ್ಲ. ಪ್ಯಾಕೇಜಿನ ಮಟ್ಟಿಗೆ ಪಾಲಕನ ಮಾತೇ ಮೊದಲು. ಅದನ್ನು ತಳ್ಳಿಹಾಕಲು ತಾಂತ್ರಿಕ ಸಮಿತಿಗೆ ಒಂದಕ್ಕೆ ಮೂರರ ಬಹುಮತ ಬೇಕು. ಅದಕ್ಕೂ ಮೇಲೆ ಎಲ್ಲ ಸದಸ್ಯರ ಮತದಾನ. ಆವೃತ್ತಿ ಹೊರತರುವ ವಿಷಯದಲ್ಲಿ ಮಾತ್ರ ಬಿಡುಗಡೆಯ ಹೊಣೆ ಹೊತ್ತವರ ಮಾತು ನಡೆಯುತ್ತದೆ.

ಈ ಏರ್ಪಾಡಿಗೆ ನಿಜವಾದ ಪೆಟ್ಟು ಬಿದ್ದದ್ದು 2004ರಲ್ಲಿ. ಡೆಬಿಯನ್ನಿನಲ್ಲಿ ಇರುವುದೆಲ್ಲ ಮುಕ್ತವಾಗಿರಬೇಕು ಎಂಬುದು ಮೂಲ ಮಾತು. ಎಲ್ಲ ಎಂದರೆ ಪ್ರೋಗ್ರಾಮುಗಳು ಮಾತ್ರವೋ, ಕೈಪಿಡಿಗಳೂ ಸೇರುತ್ತವೆಯೋ? ನೆಟ್‌ವರ್ಕ್ ಕಾರ್ಡಿನಂಥ ಯಂತ್ರದೊಳಗೆ ಓಡುವ, ತಯಾರಕರು ಮೂಲ ಬರಹ ಕೊಡದ ಫರ್ಮ್‌ವೇರ್? ಅಲ್ಲಿಯವರೆಗೆ ಬಿಡುಗಡೆಯ ಹೊಣೆಗಾರ ಆಂಥನಿ ಟೌನ್ಸ್ ಒಂದು ಜಾಣ ಉಪಾಯದಿಂದ ಕಾಲ ಹಾಕುತ್ತಿದ್ದರು. ದೋಷದ ದರ್ಜೆ ಇಳಿಸುತ್ತಿರಲಿಲ್ಲ. ಅದರ ಮೇಲೆ ‘ಸಾರ್ಜ್-ಇಗ್ನೋರ್’ ಎಂಬ ಚೀಟಿ ಅಂಟಿಸುತ್ತಿದ್ದರು. ಸಾರ್ಜ್ ಮುಂದಿನ ಆವೃತ್ತಿಯ ಹೆಸರು, ‘ಟಾಯ್ ಸ್ಟೋರಿ’ ಚಿತ್ರದ ಪ್ಲಾಸ್ಟಿಕ್ ಸಿಪಾಯಿಯದು. ದೋಷ ಗಂಭೀರವೇ, ಆದರೆ ಈ ಸಲ ಅದಕ್ಕಾಗಿ ಕಾಯುವುದಿಲ್ಲ ಎಂದು ಅರ್ಥ. ದೂರಿದವನ ಮಾತು ಸುಳ್ಳಾಗಲಿಲ್ಲ, ಪಾಲಕನ ಪ್ಯಾಕೇಜೂ ಉಳಿಯಿತು. ಎಷ್ಟು ಗಂಭೀರ, ಯಾವಾಗ ಸರಿಪಡಿಸಬೇಕು – ಇವು ಬೇರೆ ಬೇರೆ ಪ್ರಶ್ನೆಗಳೆಂದು ಕಂಡುಕೊಂಡದ್ದೇ ಈ ಇತಿಹಾಸದ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ.

ಏಪ್ರಿಲ್‌ನಲ್ಲಿ ಒಪ್ಪಂದದ ಭಾಷೆಯನ್ನು ತಿದ್ದುವ ನಿರ್ಣಯ ಪಾಸಾಯಿತು. ಬರೀ ಪದಗಳ ತಿದ್ದುಪಡಿ ಎಂಬ ತಲೆಬರಹ ನಂಬಿ ಹಲವರು ಮತ ಹಾಕಿದ್ದರು. ಇನ್ನು ಈ ಚೀಟಿ ಅಂಟಿಸಲು ಒಪ್ಪಂದ ಜಾಗ ಬಿಟ್ಟಿಲ್ಲ ಎಂದುಬಿಟ್ಟರು ಟೌನ್ಸ್. ಹಿಂದಿನ ಆವೃತ್ತಿ ಬಂದು ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ಬಿಡುಗಡೆ ಇನ್ನೂ ಮುಂದಕ್ಕೆ ಹೋಗುತ್ತದೆಂದು ಗಲಾಟೆಯೆದ್ದಿತು. ಅವರೇ ಅಡ್ಡಿ ಮಾಡುತ್ತಿದ್ದಾರೆ ಎಂದವರೂ ಇದ್ದರು. ಬರೆದ ಮಾತನ್ನು ಬರೆದಂತೆ ಓದಿದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಕೊನೆಗೆ ಜುಲೈನಲ್ಲಿ ಇನ್ನೊಂದು ಮತದಾನ: ತಿದ್ದುಪಡಿ ಇರಲಿ, ಸಾರ್ಜ್ ಹೊರಬಂದ ಮೇಲೆ ಜಾರಿಯಾಗಲಿ. 2005ರ ಜೂನ್ 6ರಂದು ಸಾರ್ಜ್ ಹೊರಬಂತು.

ಫರ್ಮ್‌ವೇರ್ ಜಗಳ ಅಲ್ಲಿಗೆ ತಣ್ಣಗಾಗಲಿಲ್ಲ. 2006ರಲ್ಲಿ ಮತ್ತೆ ಮತ. 2008ರ ಡಿಸೆಂಬರಿನಲ್ಲಿ ಮತ್ತೆ. ಯಾವ ಆಯ್ಕೆಗೆ ಎಷ್ಟು ಬಹುಮತ ಬೇಕೆಂಬುದರ ಮೇಲೇ ರಂಪವಾಗಿ, ಮತ ನಡೆಸಿದ ಕಾರ್ಯದರ್ಶಿ ಹುದ್ದೆ ಬಿಟ್ಟರು. 2022ರಲ್ಲಿ ಸದಸ್ಯರು ಒಪ್ಪಂದವನ್ನೇ ತಿದ್ದಿ, ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನೊಳಗೆ ಬಿಟ್ಟುಕೊಂಡರು. 2023ರ ಜೂನ್ 10ರ ‘ಬುಕ್‌ವರ್ಮ್’ ಹಾಗೆಯೇ ಬಂತು.