ಕಿರು ಮಿಡಿ ಕೀಲಿಮಣೆ ನಿಯಂತ್ರಕ

ಕಿರು ಮಿಡಿ ಕೀಲಿಮಣೆ ನಿಯಂತ್ರಕವು ಪಿಯಾನೊ ಮಾದರಿಯ ಕೀಲಿಗಳನ್ನುಳ್ಳ, ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಇರಿಸಬಹುದಾದ ಗಾತ್ರದ ಎಲೆಕ್ಟ್ರಾನಿಕ್ ಉಪಕರಣ. ಸಾಮಾನ್ಯವಾಗಿ ಇದರಲ್ಲಿ 25ರಿಂದ 37 ಕೀಲಿಗಳಿರುತ್ತವೆ. ನೋಡಲು ವಾದ್ಯದಂತಿದ್ದರೂ ಇಂತಹ ಹೆಚ್ಚಿನ ಉಪಕರಣಗಳು ತಾವಾಗಿ ಯಾವ ಧ್ವನಿಯನ್ನೂ ಹೊರಡಿಸುವುದಿಲ್ಲ. ಯಾವ ಕೀಲಿಯನ್ನು, ಯಾವಾಗ, ಎಷ್ಟು ರಭಸದಿಂದ ಒತ್ತಲಾಯಿತು ಎಂಬ ಮಾಹಿತಿಯನ್ನು ಮಾತ್ರ ಕಂಪ್ಯೂಟರಿಗೆ ಅಥವಾ ಬೇರೊಂದು ವಾದ್ಯಕ್ಕೆ ರವಾನಿಸುತ್ತವೆ. ಧ್ವನಿಯನ್ನು ಉತ್ಪಾದಿಸುವುದು ಆ ಕಂಪ್ಯೂಟರಿನಲ್ಲಿರುವ ತಂತ್ರಾಂಶ. ಆದ್ದರಿಂದ ಮನೆಯಲ್ಲಿ ಸಂಗೀತ ಮುದ್ರಿಸುವವರು ಇದನ್ನು ಆಯ್ಕೆ ಮಾಡುವಾಗ ಧ್ವನಿಯ ಗುಣಮಟ್ಟಕ್ಕಿಂತ ಕೀಲಿಗಳ ಸಂಖ್ಯೆ, ಅಳತೆ ಮತ್ತು ಸ್ಪರ್ಶ, ಸ್ವರವನ್ನು ಬಾಗಿಸುವ ಸೌಲಭ್ಯ ಹಾಗೂ ಸಂಪರ್ಕದ ಬಗೆ ಮುಖ್ಯವಾಗುತ್ತವೆ.

ಹೆಸರು

‘ಮಿಡಿ’ ಎಂಬುದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಪದ. ಕನ್ನಡದ ‘ಮಿಡಿ’ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ತಾನು ನುಡಿಯದೆ ಇತರ ವಾದ್ಯಗಳನ್ನು ನುಡಿಸುವ ಉಪಕರಣವಾದ್ದರಿಂದ ಇದಕ್ಕೆ ‘ನಿಯಂತ್ರಕ’ ಎಂಬ ಹೆಸರು ಬಂದಿದೆ.

ಇತಿಹಾಸ

1980ರ ದಶಕಕ್ಕೆ ಮೊದಲು ಬೇರೆ ಬೇರೆ ತಯಾರಕರ ಸಿಂಥಸೈಜರ್‌ಗಳನ್ನು ಪರಸ್ಪರ ಜೋಡಿಸಲು ಸರ್ವಮಾನ್ಯವಾದ ವಿಧಾನವಿರಲಿಲ್ಲ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಈ ಕೊರತೆಯನ್ನು ನೀಗಿಸುವ ಪ್ರಯತ್ನಕ್ಕೆ ಮುಂದಾದರು. 1983ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದ ನ್ಯಾಮ್ ಸಂಗೀತೋಪಕರಣ ಪ್ರದರ್ಶನದಲ್ಲಿ ಈ ಎರಡು ಸಂಸ್ಥೆಗಳ ಸಿಂಥಸೈಜರ್‌ಗಳನ್ನು ಮಿಡಿ ಮೂಲಕ ಜೋಡಿಸಿ ತೋರಿಸಲಾಯಿತು. ಅದೇ ವರ್ಷ ಮಿಡಿ 1.0 ಮಾನದಂಡ ಪ್ರಕಟವಾಯಿತು. ಈ ಕಾರ್ಯಕ್ಕಾಗಿ ಕಾಕೆಹಾಶಿ ಮತ್ತು ಸ್ಮಿತ್ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದರು.

1999ರಲ್ಲಿ ಯುಎಸ್‌ಬಿ ಮೂಲಕ ಮಿಡಿ ಸಂದೇಶಗಳನ್ನು ಕಳುಹಿಸುವ ನಿಯಮಗಳು ರೂಪುಗೊಂಡವು. ಕಂಪ್ಯೂಟರಿನಲ್ಲಿಯೇ ಧ್ವನಿ ಉತ್ಪಾದಿಸುವ ತಂತ್ರಾಂಶ ವಾದ್ಯಗಳೂ ಅದೇ ಕಾಲದಲ್ಲಿ ಬಳಕೆಗೆ ಬಂದುದರಿಂದ, ಒಂದೇ ಕೇಬಲ್ಲಿನಿಂದ ವಿದ್ಯುತ್ತನ್ನೂ ಪಡೆದು ಸಂದೇಶವನ್ನೂ ಕಳುಹಿಸುವ ಚಿಕ್ಕ ಕೀಲಿಮಣೆಗಳಿಗೆ ದಾರಿಯಾಯಿತು. ಅಕಾಯ್ ಎಂಪಿಕೆ ಮಿನಿ, ಆರ್ಟೂರಿಯಾ ಮಿನಿಲ್ಯಾಬ್, ನೊವೇಶನ್ ಲಾಂಚ್‌ಕೀ ಮಿನಿ, ಕಾರ್ಗ್ ಮೈಕ್ರೊಕೀ ಮತ್ತು ಎಂ-ಆಡಿಯೊ ಕೀಸ್ಟೇಶನ್ ಮಿನಿ 32 ಈ ವರ್ಗಕ್ಕೆ ಉದಾಹರಣೆಗಳು. 2020ರಲ್ಲಿ ಮಿಡಿ 2.0 ಪ್ರಕಟವಾಯಿತು. ಇದನ್ನು ಹಳೆಯ ಆವೃತ್ತಿಯ ಉಪಕರಣಗಳೊಂದಿಗೂ ಹೊಂದಿಕೊಳ್ಳುವಂತೆ ರೂಪಿಸಲಾಗಿದೆ.

ಕಾರ್ಯವಿಧಾನ

ಮಿಡಿ 1.0ರಲ್ಲಿ ಪ್ರತಿಯೊಂದು ಸ್ವರಕ್ಕೂ 0ರಿಂದ 127ರವರೆಗಿನ ಒಂದು ಸಂಖ್ಯೆ ಇರುತ್ತದೆ. ಪಿಯಾನೊದ ನಡುವಿನ ‘ಸಿ’ ಸ್ವರದ ಸಂಖ್ಯೆ 60. 88 ಕೀಲಿಗಳ ಪಿಯಾನೊದ ವ್ಯಾಪ್ತಿ 21ರಿಂದ 108ರವರೆಗೆ. ಕೀಲಿಯನ್ನು ಒತ್ತಿದಾಗ ಸ್ವರದ ಆರಂಭವನ್ನೂ ಬಿಟ್ಟಾಗ ಅದರ ಅಂತ್ಯವನ್ನೂ ಸೂಚಿಸುವ ಸಂದೇಶಗಳು ಹೊರಡುತ್ತವೆ. ಒಂದು ಸಂಪರ್ಕದಲ್ಲಿ 16 ಚಾನೆಲ್‌ಗಳಿದ್ದು, ಬೇರೆ ಬೇರೆ ವಾದ್ಯಗಳನ್ನು ಬೇರೆ ಬೇರೆ ಚಾನೆಲ್‌ಗಳಲ್ಲಿ ನುಡಿಸಬಹುದು.

ಸಾಮಾನ್ಯ ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೆ ಎರಡು ವಿದ್ಯುತ್ ಸಂಪರ್ಕಬಿಂದುಗಳಿರುತ್ತವೆ. ಕೀಲಿ ಕೆಳಗಿಳಿಯುವಾಗ ಅವು ಒಂದರ ನಂತರ ಒಂದು ಕೂಡಿಕೊಳ್ಳುತ್ತವೆ. ಎರಡರ ನಡುವಿನ ಕಾಲಾವಧಿ ಕಡಿಮೆಯಾದಷ್ಟೂ ಕೀಲಿಯನ್ನು ರಭಸವಾಗಿ ಒತ್ತಲಾಗಿದೆ ಎಂದು ಉಪಕರಣ ಗ್ರಹಿಸಿ, ಆ ರಭಸವನ್ನು 1ರಿಂದ 127ರ ನಡುವಿನ ಸಂಖ್ಯೆಯಾಗಿ ಕಳುಹಿಸುತ್ತದೆ. ತಂತ್ರಾಂಶವು ಇದಕ್ಕೆ ಅನುಗುಣವಾಗಿ ಸ್ವರವನ್ನು ಮೆಲುವಾಗಿ ಅಥವಾ ಗಟ್ಟಿಯಾಗಿ ನುಡಿಸುತ್ತದೆ. ಕಂಪ್ಯೂಟರಿನ ಅಕ್ಷರ ಕೀಲಿಮಣೆಯಿಂದಲೂ ಸ್ವರಗಳನ್ನು ನುಡಿಸಲು ಅನೇಕ ತಂತ್ರಾಂಶಗಳು ಅವಕಾಶ ನೀಡುತ್ತವೆಯಾದರೂ ಅದರಲ್ಲಿ ಈ ರಭಸದ ಭೇದ ದಾಖಲಾಗುವುದಿಲ್ಲ.

ಹೀಗೆ ಮುದ್ರಣಗೊಳ್ಳುವುದು ಧ್ವನಿಯಲ್ಲ, ನುಡಿಸಿದ ಕ್ರಿಯೆಯ ವಿವರ. ಆದ್ದರಿಂದ ಮುದ್ರಣದ ಬಳಿಕವೂ ತಪ್ಪಿದ ಸ್ವರವನ್ನು ಸರಿಪಡಿಸಬಹುದು, ತಾಳಕ್ಕೆ ಹೊಂದಿಸಬಹುದು ಅಥವಾ ಪಿಯಾನೊ ಧ್ವನಿಯ ಬದಲು ಕೊಳಲಿನ ಧ್ವನಿಯನ್ನು ಅಳವಡಿಸಬಹುದು.

ಕೀಲಿಗಳ ಸಂಖ್ಯೆ ಮತ್ತು ಅಳತೆ

25 ಕೀಲಿಗಳ ಮಾದರಿಯ ವ್ಯಾಪ್ತಿ ಎರಡು ಸ್ಥಾಯಿಗಳು. 37 ಕೀಲಿಗಳದು ಮೂರು, 49 ಕೀಲಿಗಳದು ನಾಲ್ಕು ಮತ್ತು 61 ಕೀಲಿಗಳದು ಐದು. 32 ಕೀಲಿಗಳ ಮಾದರಿಗಳೂ ಇವೆ. ಸ್ಥಾಯಿ ಬದಲಿಸುವ ಗುಂಡಿಯಿಂದ ಇಡೀ ಕೀಲಿಮಣೆಯನ್ನು ಮೇಲಿನ ಅಥವಾ ಕೆಳಗಿನ ಸ್ಥಾಯಿಗೆ ಸರಿಸಬಹುದಾದರೂ, ಏಕಕಾಲಕ್ಕೆ ಕೈಗೆ ಸಿಗುವ ಸ್ವರಗಳ ಸಂಖ್ಯೆ ಇದರಿಂದ ಹೆಚ್ಚುವುದಿಲ್ಲ. ಒಂದು ಕೈಯಲ್ಲಿ ರಾಗಸಂಚಾರ, ಮಂದ್ರ ಸ್ವರಗಳ ಆಧಾರ ಅಥವಾ ತಾಳವಾದ್ಯಗಳ ಬಡಿತವನ್ನು ಬಿಡಿಬಿಡಿಯಾಗಿ ಮುದ್ರಿಸುವವರಿಗೆ 25 ಕೀಲಿಗಳು ಸಾಲುತ್ತವೆ. ಎಡಗೈಯಲ್ಲಿ ಸ್ವರಮೇಳವನ್ನೂ ಬಲಗೈಯಲ್ಲಿ ರಾಗವನ್ನೂ ಒಟ್ಟಿಗೆ ನುಡಿಸುವವರಿಗೆ 49 ಅಥವಾ 61 ಕೀಲಿಗಳ ಮಾದರಿಗಳು ಹೆಚ್ಚು ಅನುಕೂಲಕರ.

ಪೂರ್ಣ ಗಾತ್ರದ ಕೀಲಿಗಳಲ್ಲಿ ಒಂದು ಸ್ಥಾಯಿಯ ಅಗಲ ಸುಮಾರು 165 ಮಿಲಿಮೀಟರ್. ಈ ಅಳತೆಯಲ್ಲಿ 25 ಕೀಲಿಗಳಿಗೆ ಸುಮಾರು 35 ಸೆಂಟಿಮೀಟರ್, 49 ಕೀಲಿಗಳಿಗೆ ಸುಮಾರು 68 ಸೆಂಟಿಮೀಟರ್ ಮತ್ತು 61 ಕೀಲಿಗಳಿಗೆ ಸುಮಾರು 85 ಸೆಂಟಿಮೀಟರ್ ಸ್ಥಳ ಬೇಕಾಗುತ್ತದೆ. ಚಕ್ರ ಮತ್ತು ಗುಂಡಿಗಳ ಜಾಗ ಇದಕ್ಕೆ ಹೊರತು. ಈ ಕಾರಣದಿಂದ ಕಿರು ಮಾದರಿಗಳಲ್ಲಿ ಹೆಚ್ಚಾಗಿ ಅಗಲವೂ ಉದ್ದವೂ ಕಡಿಮೆಯಿರುವ ಕಿರುಗೀಲಿಗಳನ್ನು ಬಳಸಲಾಗುತ್ತದೆ. ಇವುಗಳ ಅಳತೆ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ದೊಡ್ಡ ಬೆರಳುಗಳಿಗೆ ಕಪ್ಪು ಕೀಲಿಗಳ ನಡುವಿನ ಜಾಗ ಇಕ್ಕಟ್ಟಾಗಬಹುದು. ಪಿಯಾನೊ ಕಲಿಯುತ್ತಿರುವ ವಿದ್ಯಾರ್ಥಿಯ ಕೈ ಕಿರುಗೀಲಿಗಳ ಅಂತರಕ್ಕೆ ಒಗ್ಗಿದರೆ, ಪೂರ್ಣ ಗಾತ್ರದ ವಾದ್ಯದಲ್ಲಿ ಸ್ವರಗಳ ನಡುವಿನ ದೂರವನ್ನು ಮತ್ತೆ ರೂಢಿಸಿಕೊಳ್ಳಬೇಕಾಗುತ್ತದೆ.

ಕೀಲಿಗಳ ಸ್ಪರ್ಶ

ಸ್ಪರ್ಶದ ದೃಷ್ಟಿಯಿಂದ ಕೀಲಿಮಣೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಸ್ಪ್ರಿಂಗಿನ ಬಲದಿಂದ ಮೇಲೇಳುವ ಹಗುರ ಕೀಲಿಗಳು ಮೊದಲನೆಯ ಬಗೆ. ಕಿರು ಮಾದರಿಗಳಲ್ಲಿ ಇವೇ ಹೆಚ್ಚು. ಸ್ಪ್ರಿಂಗಿನೊಡನೆ ಸ್ವಲ್ಪ ತೂಕವನ್ನೂ ಸೇರಿಸಿದ ಅರೆತೂಕದ ಕೀಲಿಗಳು ಎರಡನೆಯವು. ಪಿಯಾನೊದ ಸುತ್ತಿಗೆಯ ಚಲನೆಯನ್ನು ಅನುಕರಿಸುವ ತೂಕದ ಕೀಲಿಗಳು ಮೂರನೆಯವು. ಇವು ಭಾರವಾಗಿದ್ದು ಸಾಮಾನ್ಯವಾಗಿ 88 ಕೀಲಿಗಳ ದೊಡ್ಡ ಮಾದರಿಗಳಲ್ಲಿ ಕಂಡುಬರುತ್ತವೆ. ಕೆಲವು ಉಪಕರಣಗಳು ಕೀಲಿಯನ್ನು ಒತ್ತಿದ ನಂತರ ಅದರ ಮೇಲೆ ಹಾಕುವ ಹೆಚ್ಚುವರಿ ಒತ್ತಡವನ್ನೂ ಗ್ರಹಿಸುತ್ತವೆ. ‘ಆಫ್ಟರ್‌ಟಚ್’ ಎಂದು ಕರೆಯಲಾಗುವ ಈ ಸೌಲಭ್ಯ ಕಿರು ಮಾದರಿಗಳಲ್ಲಿ ಅಪರೂಪ. 32 ಕಿರುಗೀಲಿಗಳ ಆರ್ಟೂರಿಯಾ ಕೀಸ್ಟೆಪ್ ಇದನ್ನು ಹೊಂದಿದೆ.

ಇತರ ನಿಯಂತ್ರಣಗಳು

ತಾಳವಾದ್ಯಗಳನ್ನು ಬೆರಳಿನಿಂದ ಬಡಿದು ನುಡಿಸಲು ರಬ್ಬರಿನ ಪ್ಯಾಡ್‌ಗಳು, ತಂತ್ರಾಂಶದ ಧ್ವನಿಮಟ್ಟ ಮೊದಲಾದವನ್ನು ಬದಲಿಸಲು ತಿರುಗಿಸುವ ನಾಬ್‌ಗಳು ಅನೇಕ ಮಾದರಿಗಳಲ್ಲಿವೆ. ಅಕಾಯ್ ಎಂಪಿಕೆ ಮಿನಿಯಲ್ಲಿ 25 ಕೀಲಿಗಳೊಂದಿಗೆ 8 ಪ್ಯಾಡ್‌ಗಳೂ 8 ನಾಬ್‌ಗಳೂ ಇರುತ್ತವೆ. ಕೀಲಿಯನ್ನು ಬಿಟ್ಟ ಮೇಲೂ ಸ್ವರವನ್ನು ಮುಂದುವರಿಸುವ ಸಸ್ಟೇನ್ ಪೆಡಲ್ ಮಿಡಿಯಲ್ಲಿ 64ನೆಯ ನಿಯಂತ್ರಣ ಸಂಖ್ಯೆಯನ್ನು ಬಳಸುತ್ತದೆ. ಪಿಯಾನೊ ಧ್ವನಿಗೆ ಇದು ಬಹುಮಟ್ಟಿಗೆ ಅನಿವಾರ್ಯವಾದರೂ, ಪೆಡಲ್ ಜೋಡಿಸುವ ರಂಧ್ರವು ಎಲ್ಲ ಕಿರು ಮಾದರಿಗಳಲ್ಲಿ ಇರುವುದಿಲ್ಲ.

ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ನಿಯಂತ್ರಣವು ಚಕ್ರ, ಜಾಯ್‌ಸ್ಟಿಕ್, ಸ್ಪರ್ಶಪಟ್ಟಿ ಅಥವಾ ಗುಂಡಿಯ ರೂಪದಲ್ಲಿರಬಹುದು. ಚಕ್ರ, ಜಾಯ್‌ಸ್ಟಿಕ್ ಮತ್ತು ಪಟ್ಟಿಗಳಿಂದ ಸ್ವರವನ್ನು ಕೈಯ ಚಲನೆಗೆ ತಕ್ಕಂತೆ ಕ್ರಮೇಣ ಬಾಗಿಸಬಹುದು. ಗುಂಡಿಗಳಲ್ಲಿ ಅಂತಹ ಹಿಡಿತ ಸಾಧ್ಯವಾಗುವುದಿಲ್ಲ.

ಭಾರತೀಯ ಸಂಗೀತದಲ್ಲಿ ಬಳಕೆ

ಕೀಲಿಮಣೆಯು ಒಂದು ಸ್ಥಾಯಿಯಲ್ಲಿ 12 ಸ್ಥಿರ ಸ್ವರಸ್ಥಾನಗಳನ್ನು ಮಾತ್ರ ನೀಡುತ್ತದೆ. ಕರ್ನಾಟಕ ಸಂಗೀತದ ಗಮಕಗಳಿಗೂ ಹಿಂದುಸ್ತಾನಿ ಸಂಗೀತದ ಮೀಂಡ್‌ಗೂ ಸ್ವರಗಳ ನಡುವಿನ ನಿರಂತರ ಚಲನೆ ಅಗತ್ಯವಾದ್ದರಿಂದ ಇಲ್ಲಿ ಪಿಚ್ ಬೆಂಡ್ ನಿರ್ಣಾಯಕವಾಗುತ್ತದೆ. ಮಿಡಿಯಲ್ಲಿ ಇದಕ್ಕೆ 16,384 ಹಂತಗಳಿವೆ. ವ್ಯಾಪ್ತಿಯು ಸಾಮಾನ್ಯವಾಗಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರಗಳಿಗೆ ನಿಗದಿಯಾಗಿರುತ್ತದೆ. ಉದಾಹರಣೆಗೆ, ತೋಡಿ ರಾಗದ ಸಾಧಾರಣ ಗಾಂಧಾರವು ಶುದ್ಧ ರಿಷಭ ಮತ್ತು ಶುದ್ಧ ಮಧ್ಯಮಗಳ ನಡುವೆ ತೂಗುವಾಗ ಈ ಎರಡು ಸ್ವರಗಳೂ ಗಾಂಧಾರದಿಂದ ಎರಡೆರಡು ಅರ್ಧಸ್ವರಗಳಷ್ಟೇ ದೂರದಲ್ಲಿರುವುದರಿಂದ ಆ ವ್ಯಾಪ್ತಿ ಸಾಕಾಗುತ್ತದೆ. ಷಡ್ಜದಿಂದ ಪಂಚಮಕ್ಕೆ ಜಾರುವಂತಹ ದೀರ್ಘ ಪ್ರಯೋಗಗಳಿಗೆ ವ್ಯಾಪ್ತಿಯನ್ನು ತಂತ್ರಾಂಶದಲ್ಲಿ ಏಳು ಅಥವಾ ಹನ್ನೆರಡು ಅರ್ಧಸ್ವರಗಳಿಗೆ ಹೆಚ್ಚಿಸಿಕೊಳ್ಳಬೇಕು.

ಕರ್ನಾಟಕ ಸಂಗೀತದ ಗಾಯನದಲ್ಲಿ ರೂಢಿಯಲ್ಲಿರುವ ಮಂದ್ರ ಪಂಚಮದಿಂದ ತಾರ ಪಂಚಮದವರೆಗಿನ ಹರವು ಎರಡು ಸ್ಥಾಯಿಗಳಾದ್ದರಿಂದ 25 ಕೀಲಿಗಳಲ್ಲಿ ಅಡಕವಾಗುತ್ತದೆ. ಈ ಮಾದರಿಗಳು ಸಾಮಾನ್ಯವಾಗಿ ‘ಸಿ’ಯಿಂದ ‘ಸಿ’ಯವರೆಗೆ ಇರುವುದರಿಂದ, ನಾಲ್ಕನೆಯ ಬಿಳಿ ಕೀಲಿಯಾದ ‘ಎಫ್’ ಅನ್ನು ಷಡ್ಜವಾಗಿ ಇರಿಸಿಕೊಂಡರೆ ಮೊದಲ ಕೀಲಿ ಮಂದ್ರ ಪಂಚಮವೂ ಕೊನೆಯ ಕೀಲಿ ತಾರ ಪಂಚಮವೂ ಆಗುತ್ತವೆ. ಬೇರೆ ಶ್ರುತಿ ಬೇಕಾದವರು ಬೆರಳಿನ ಸ್ಥಾನವನ್ನು ಬದಲಿಸದೆ ಶ್ರುತಿ ಬದಲಾವಣೆಯ ಸೌಲಭ್ಯವನ್ನು ಬಳಸಬಹುದು.

ಪಿಚ್ ಬೆಂಡ್ ಒಂದು ಚಾನೆಲ್ಲಿನ ಎಲ್ಲ ಸ್ವರಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ. ಹೀಗಾಗಿ ಹಿಡಿದಿಟ್ಟ ಷಡ್ಜದ ಮೇಲೆ ಗಮಕ ನುಡಿಸಿದರೆ ಷಡ್ಜವೂ ತೂಗುತ್ತದೆ. ಶ್ರುತಿಯನ್ನು ಬೇರೆ ಚಾನೆಲ್ಲಿನಲ್ಲಿ ಮುದ್ರಿಸುವುದು ಇದಕ್ಕೆ ಸರಳ ಪರಿಹಾರ. ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ನೀಡುವ ಎಂಪಿಇ ಎಂಬ ವಿಧಾನವೂ ಇದೆ. ಇದಕ್ಕೆ ವಿಶೇಷ ನಿಯಂತ್ರಕಗಳು ಬೇಕಾಗುತ್ತವೆ.

ಸಂಪರ್ಕ

ಇಂದಿನ ಬಹುತೇಕ ಕಿರು ಮಾದರಿಗಳು ಯುಎಸ್‌ಬಿ ಮೂಲಕ ಸಂಪರ್ಕಗೊಳ್ಳುತ್ತವೆ. ಯುಎಸ್‌ಬಿಯ ಸಾಮಾನ್ಯ ಮಿಡಿ ನಿಯಮಗಳನ್ನು ಪಾಲಿಸುವ ಉಪಕರಣಗಳು ಪ್ರತ್ಯೇಕ ಚಾಲಕ ತಂತ್ರಾಂಶವಿಲ್ಲದೆ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಕೆಲಸ ಮಾಡುತ್ತವೆ. ತಯಾರಕರದೇ ಚಾಲಕವನ್ನು ಅವಲಂಬಿಸಿದ ಉಪಕರಣವು, ಆ ಚಾಲಕದ ನವೀಕರಣ ನಿಂತುಹೋದಾಗ ಹೊಸ ಕಂಪ್ಯೂಟರಿನಲ್ಲಿ ನಿರುಪಯುಕ್ತವಾಗುವ ಸಂಭವವಿದೆ. ಕಂಪ್ಯೂಟರಿಲ್ಲದೆ ನೇರವಾಗಿ ಹಳೆಯ ಸಿಂಥಸೈಜರ್‌ಗೆ ಜೋಡಿಸಲು 1983ರಿಂದ ಬಳಕೆಯಲ್ಲಿರುವ ಐದು ಪಿನ್ನುಗಳ ಮಿಡಿ ರಂಧ್ರ ಅಥವಾ ಅದಕ್ಕೆ ಬದಲಾಗಿ ಬಂದಿರುವ 3.5 ಮಿಲಿಮೀಟರ್ ರಂಧ್ರ ಬೇಕು. ಬ್ಲೂಟೂತ್ ಸಂಪರ್ಕವುಳ್ಳ ಮಾದರಿಗಳೂ ಇವೆ.

ತಂತ್ರಾಂಶ ಮತ್ತು ವಿಳಂಬ

ನಿಯಂತ್ರಕದ ಜೊತೆಗೆ ಧ್ವನಿಮುದ್ರಣ ತಂತ್ರಾಂಶವೂ ಅಗತ್ಯ. ಅರ್ಡರ್ ಮತ್ತು ಎಲ್‌ಎಂಎಂಎಸ್ ಮುಕ್ತ ತಂತ್ರಾಂಶಗಳು. ಗ್ಯಾರೇಜ್‌ಬ್ಯಾಂಡ್ ಆಪಲ್ ಉಪಕರಣಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಏಬಲ್‌ಟನ್ ಲೈವ್, ಕ್ಯೂಬೇಸ್, ಎಫ್ಎಲ್ ಸ್ಟುಡಿಯೊ ಮತ್ತು ರೀಪರ್ ವಾಣಿಜ್ಯ ತಂತ್ರಾಂಶಗಳು. ನಿಯಂತ್ರಕಗಳೊಂದಿಗೆ ಇಂತಹ ತಂತ್ರಾಂಶದ ಕಿರು ಆವೃತ್ತಿಯನ್ನು ನೀಡುವ ರೂಢಿಯೂ ಇದೆ.

ಕೀಲಿಯನ್ನು ಒತ್ತಿದ ಮೇಲೆ ಧ್ವನಿ ಕೇಳಿಸಲು ತಗಲುವ ವಿಳಂಬಕ್ಕೆ ಸಾಮಾನ್ಯವಾಗಿ ಕೀಲಿಮಣೆ ಕಾರಣವಲ್ಲ. ಐದು ಪಿನ್ನುಗಳ ಸಂಪರ್ಕದಲ್ಲೂ ಒಂದು ಸ್ವರದ ಸಂದೇಶ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಹೆಚ್ಚಿನ ವಿಳಂಬ ಉಂಟಾಗುವುದು ಕಂಪ್ಯೂಟರು ಧ್ವನಿಯ ಮಾದರಿಗಳನ್ನು ಕೂಡಿಟ್ಟುಕೊಳ್ಳುವ ಬಫರಿನಲ್ಲಿ. ಸೆಕೆಂಡಿಗೆ 44,100 ಮಾದರಿಗಳ ದರದಲ್ಲಿ 128 ಮಾದರಿಗಳ ಬಫರ್ ಸುಮಾರು 2.9 ಮಿಲಿಸೆಕೆಂಡುಗಳನ್ನೂ 1,024 ಮಾದರಿಗಳ ಬಫರ್ ಸುಮಾರು 23 ಮಿಲಿಸೆಕೆಂಡುಗಳನ್ನೂ ತೆಗೆದುಕೊಳ್ಳುತ್ತದೆ. ವಿಂಡೋಸಿನಲ್ಲಿ ಅಸಿಯೊ ಚಾಲಕವನ್ನು ಬಳಸಿ ಬಫರನ್ನು ಕಿರಿದಾಗಿಸಿದರೆ ವಿಳಂಬ ಕಡಿಮೆಯಾಗುತ್ತದೆ. ತೀರಾ ಕಿರಿದಾಗಿಸಿದರೆ ಧ್ವನಿ ಒಡೆಯುತ್ತದೆ. ಇದು ಕಂಪ್ಯೂಟರಿನ ಹೊಂದಾಣಿಕೆಯ ವಿಷಯವಾದ್ದರಿಂದ ಹೊಸ ಕೀಲಿಮಣೆಯನ್ನು ಕೊಂಡ ಮಾತ್ರಕ್ಕೆ ಈ ತೊಂದರೆ ಬಗೆಹರಿಯುವುದಿಲ್ಲ.

ಮಿತಿಗಳು

ಕಂಪ್ಯೂಟರ್ ಅಥವಾ ಬೇರೊಂದು ಧ್ವನಿಮೂಲವಿಲ್ಲದೆ ನಿಯಂತ್ರಕವು ನಿಶ್ಶಬ್ದ. ಕಂಪ್ಯೂಟರಿಲ್ಲದ ವಿದ್ಯಾರ್ಥಿಗೆ ಸ್ವಂತ ಧ್ವನಿ ಮತ್ತು ಸ್ಪೀಕರ್‌ಗಳುಳ್ಳ ಎಲೆಕ್ಟ್ರಾನಿಕ್ ಕೀಬೋರ್ಡ್ ಹೆಚ್ಚು ಉಪಯುಕ್ತ. ಅಂತಹ ಅನೇಕ ಕೀಬೋರ್ಡ್‌ಗಳು ಯುಎಸ್‌ಬಿ ಮೂಲಕ ಮಿಡಿ ಸಂದೇಶಗಳನ್ನೂ ಕಳುಹಿಸುವುದರಿಂದ, ಮನೆಯಲ್ಲಿ ಈಗಾಗಲೇ ಒಂದಿದ್ದರೆ ಅದನ್ನೇ ನಿಯಂತ್ರಕವಾಗಿಯೂ ಬಳಸಬಹುದು.