ಕಾರಿನ ಹ್ಯಾಲೊಜೆನ್ ಹೆಡ್‌ಲೈಟ್ ಬದಲಾವಣೆ – ವಾಹನ ಮಾಲೀಕರಿಗೆ ಮಾಹಿತಿ

ವಾಹನದೊಂದಿಗೆ ಬಂದಿರುವ ಹ್ಯಾಲೊಜೆನ್ ಹೆಡ್‌ಲೈಟ್‌ಗಳ ಬೆಳಕು ಸಾಲದೆಂದು ಭಾವಿಸಿ, ಹೆಚ್ಚು ಬಿಳುಪಾದ ಹಾಗೂ ಪ್ರಖರವಾದ ದೀಪಗಳನ್ನು ಅಳವಡಿಸಿಕೊಳ್ಳಲು ಅನೇಕ ಮಾಲೀಕರು ಮುಂದಾಗುತ್ತಿದ್ದಾರೆ. ಇದಕ್ಕೆ ಅನುಮತಿ ಬೇಕೇ, ನೋಂದಣಿ ಪತ್ರದಲ್ಲಿ ನಮೂದಿಸಬೇಕೇ, ತಪಾಸಣೆಯಲ್ಲಿ ತೊಂದರೆಯಾಗುವುದೇ ಎಂದು ಅರ್ಜಿದಾರರು ವಿಚಾರಿಸುವುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ನಿಯಮ ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 106ರನ್ವಯ ವಾಹನದ ಮುಂದೀಪದ ಬೆಳಕು ಕೆಳಮುಖವಾಗಿ ಬಾಗಿರತಕ್ಕದ್ದು. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ 0.5 ಮೀಟರ್ ಪಕ್ಕದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣುಳ್ಳ ಯಾವುದೇ ವ್ಯಕ್ತಿಗೆ ಆ ಬೆಳಕು ಕಣ್ಣು ಕೋರೈಸುವಂತಿರಬಾರದು. ಈ ಅಳತೆಯನ್ನು ಗಮನಿಸಿದರೆ, ಎದುರಿನಿಂದ ಬರುವ ಚಾಲಕನ ಕಣ್ಣನ್ನೇ ಉದ್ದೇಶಿಸಿ ನಿಯಮ ರಚಿತವಾಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೋಟಾರು ವಾಹನ ಅಧಿನಿಯಮ, 1988ರ ಕಲಂ 52 ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ(4)ರ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡಕ್ಕೂ ಗುರಿಯಾಗಬಹುದಾಗಿದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆ ಕೈಗೊಂಡಿದ್ದನ್ನು ಸಾರ್ವಜನಿಕರು ಸ್ಮರಿಸಬಹುದು. ಅಂಗಡಿಯಲ್ಲಿ ಮುಕ್ತವಾಗಿ ಮಾರಾಟವಾಗುತ್ತದೆ ಎಂಬ ಕಾರಣ ಮಾತ್ರದಿಂದ ಯಾವುದೇ ದೀಪವು ರಸ್ತೆಯ ಬಳಕೆಗೆ ಅರ್ಹವಾಗುವುದಿಲ್ಲ.

ಸುಟ್ಟುಹೋದ ಬಲ್ಬಿನ ಬದಲಿಗೆ ಅದೇ ಮಾದರಿಯ, ಅದೇ ವ್ಯಾಟ್‌ನ ಹ್ಯಾಲೊಜೆನ್ ಬಲ್ಬ್ ಹಾಕುವುದು ಮಾರ್ಪಾಡಲ್ಲ. ಅದಕ್ಕೆ ಅರ್ಜಿಯಾಗಲಿ ನೋಂದಣಿ ಪತ್ರದಲ್ಲಿ ನಮೂದಾಗಲಿ ಬೇಕಾಗಿರುವುದಿಲ್ಲ.

ಬಿಳುಪು ಬೇರೆ, ಬೆಳಕು ಬೇರೆ

ಸಾಮಾನ್ಯ ಹ್ಯಾಲೊಜೆನ್ ಬಲ್ಬಿನ ಬೆಳಕಿನ ಬಣ್ಣವು ಸುಮಾರು 3,200 ಕೆಲ್ವಿನ್ ಇದ್ದು, ಮಾರುಕಟ್ಟೆಯ ಎಲ್‌ಇಡಿ ಕಿಟ್‌ಗಳಲ್ಲಿ ಅದು 6,000 ಕೆಲ್ವಿನ್ ಆಸುಪಾಸಿನಲ್ಲಿರುತ್ತದೆ. ಇದು ಬಣ್ಣದ ಅಳತೆಯೇ ಹೊರತು ಬೆಳಕಿನ ಪ್ರಮಾಣವಲ್ಲ. ಬೆಳಕಿನ ಪ್ರಮಾಣವನ್ನು ಲ್ಯೂಮೆನ್‌ನಲ್ಲಿ ಅಳೆಯಲಾಗುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 60/55 ವ್ಯಾಟ್‌ನ ಎಚ್4 ಬಲ್ಬ್ ಹೈ ಬೀಮ್‌ನಲ್ಲಿ ಸುಮಾರು 1,650 ಹಾಗೂ ಡಿಮ್‌ನಲ್ಲಿ ಸುಮಾರು 1,000 ಲ್ಯೂಮೆನ್ ನೀಡುತ್ತದೆ. ಗಾಜಿಗೆ ನೀಲಿ ಲೇಪ ಹಚ್ಚಿದ ‘ವೈಟ್’ ಬಲ್ಬುಗಳಲ್ಲಿ ಆ ಲೇಪವೇ ಬೆಳಕಿನ ಒಂದು ಭಾಗವನ್ನು ತಡೆಯುತ್ತದೆ. ಹೆಚ್ಚು ಹಣ ತೆತ್ತು ಕಡಿಮೆ ಬೆಳಕು ಪಡೆಯುವುದು ವಿವೇಕವೆನಿಸಲಾರದು.

ಹ್ಯಾಲೊಜೆನ್ ದೀಪದ ಪ್ರತಿಫಲಕವನ್ನು ಬಲ್ಬಿನೊಳಗಿನ ತಂತು ಇರುವ ನಿಖರ ಸ್ಥಾನಕ್ಕೆ ಅನುಗುಣವಾಗಿ ರೂಪಿಸಲಾಗಿರುತ್ತದೆ. ಎಚ್4 ಬಲ್ಬಿನಲ್ಲಿ ಡಿಮ್ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಮರೆ ಇದ್ದು, ಬೆಳಕು ಮೇಲಕ್ಕೆ ಹಾರದಂತೆ ಅದು ತಡೆಯುತ್ತದೆ. ಅದೇ ಗೂಡಿನಲ್ಲಿ ಎಚ್‌ಐಡಿ ಅಥವಾ ಎಲ್‌ಇಡಿ ಕಿಟ್ ಕೂರಿಸಿದಾಗ ಬೆಳಕು ಹೊಮ್ಮುವ ಜಾಗವೂ ಆಕಾರವೂ ಬದಲಾಗಿ, ಕಿರಣಗಳು ಚದುರಿ ಎದುರಿನವರ ಕಣ್ಣಿಗೆ ಬೀಳುತ್ತವೆ. ಇಂತಹ ಕಿಟ್‌ಗಳು ವಾಹನದ ಹತ್ತಿರದ ನೆಲವನ್ನು ಬೆಳಗುವುದರಿಂದ ಚಾಲಕನಿಗೆ ಬೆಳಕು ಹೆಚ್ಚಿದಂತೆ ತೋರಿದರೂ, ದೂರದ ಪಾದಚಾರಿಯು ಮೊದಲಿಗಿಂತ ತಡವಾಗಿ ಕಾಣಿಸುವ ಸಂಭವವಿರುತ್ತದೆ. ಕಾರ್ಖಾನೆಯಲ್ಲಿಯೇ ಎಲ್‌ಇಡಿ ದೀಪದೊಂದಿಗೆ ತಯಾರಾದ ಕಾರುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವುಗಳ ದೀಪದ ಇಡೀ ಜೋಡಣೆಯನ್ನು ಎಲ್‌ಇಡಿಗೆಂದೇ ವಿನ್ಯಾಸಗೊಳಿಸಲಾಗಿರುತ್ತದೆ.

ಎಡಬದಿಯ ಸಂಚಾರವಿರುವ ನಮ್ಮ ದೇಶದಲ್ಲಿ ಡಿಮ್ ಬೆಳಕು ಎಡಭಾಗಕ್ಕೆ ತುಸು ಎತ್ತರವಾಗಿ ಹರಡುತ್ತದೆ. ಬಲಬದಿಯ ಸಂಚಾರದ ದೇಶಗಳಿಗಾಗಿ ತಯಾರಿಸಿದ ದೀಪದ ಗೂಡುಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ಆಮದಾದ ಪೂರ್ಣ ಜೋಡಣೆ ಖರೀದಿಸುವವರು ಈ ಅಂಶವನ್ನು ಅವಶ್ಯವಾಗಿ ಪರಿಶೀಲಿಸತಕ್ಕದ್ದು.

100/90 ವ್ಯಾಟ್‌ನ ಬಲ್ಬುಗಳ ಬಗ್ಗೆಯೂ ಎಚ್ಚರ ಅಗತ್ಯ. 12 ವೋಲ್ಟ್‌ನಲ್ಲಿ 60 ವ್ಯಾಟ್‌ಗೆ 5 ಆಂಪಿಯರ್ ಸಾಕಾದರೆ 100 ವ್ಯಾಟ್‌ಗೆ 8 ಆಂಪಿಯರ್‌ಗೂ ಮಿಗಿಲಾಗಿ ಬೇಕಾಗುತ್ತದೆ. ಮೂಲ ವೈರು, ಸ್ವಿಚ್ಚು ಹಾಗೂ ಹೋಲ್ಡರ್ ಬಿಸಿಯಾಗಿ ಕರಗುವ ಅಪಾಯವಿದೆ.

ಮೊದಲು ಮಾಡಬೇಕಾದುದು

ಬೆಳಕು ಕುಗ್ಗಲು ಬಲ್ಬ್ ಮಾತ್ರ ಕಾರಣವಾಗಿರುವುದಿಲ್ಲ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಹಳೆಯ ಕಾರುಗಳಲ್ಲಿ ತುಕ್ಕು ಹಿಡಿದ ಅರ್ತಿಂಗ್ ಹಾಗೂ ಸಡಿಲವಾದ ಹೋಲ್ಡರ್‌ನಿಂದ ಇಷ್ಟು ನಷ್ಟವಾಗುವುದು ಅಪರೂಪವಲ್ಲ. ಆದುದರಿಂದ ಎಂಜಿನ್ ಚಾಲನೆಯಲ್ಲಿರುವಾಗ ಹೋಲ್ಡರ್‌ನ ಬಳಿ ವೋಲ್ಟೇಜ್ ಅಳೆಯಿಸಿ, ದೋಷವಿದ್ದಲ್ಲಿ ಸರಿಪಡಿಸಿಕೊಳ್ಳುವುದು ಸೂಕ್ತ. ಬಿಸಿಲಿಗೆ ಹಳದಿಯಾದ ಪ್ಲಾಸ್ಟಿಕ್ ಹೊದಿಕೆಗೆ ಪಾಲಿಷ್ ಮಾಡಿಸಬಹುದು; ಒಳಗಿನ ಪ್ರತಿಫಲಕ ಮಂಕಾಗಿದ್ದಲ್ಲಿ ಗೂಡನ್ನೇ ಬದಲಿಸಬೇಕಾಗುತ್ತದೆ. ಬಲ್ಬುಗಳನ್ನು ಜೋಡಿಯಾಗಿ ಬದಲಿಸಿ, ಗಾಜನ್ನು ಬರಿಗೈಯಿಂದ ಮುಟ್ಟಬಾರದು.

ದೀಪದ ಓರೆಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದಾಗಿದೆ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ, ದೀಪದ ಮಧ್ಯಭಾಗದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ವಾಹನದ ಕೈಪಿಡಿಯಲ್ಲಿ ಬೇರೆ ಅಳತೆ ಸೂಚಿಸಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು. ಹಿಂಬದಿಯಲ್ಲಿ ಜನ ಅಥವಾ ಸರಕು ಹೇರಿದಾಗ ಮುಂಭಾಗ ಮೇಲೇಳುವುದರಿಂದ, ಡ್ಯಾಶ್‌ಬೋರ್ಡ್‌ನಲ್ಲಿರುವ ದೀಪದ ಎತ್ತರ ಹೊಂದಿಸುವ ಚಕ್ರವನ್ನು ಬಳಸಿಕೊಳ್ಳಬೇಕು. ಬಹುಪಾಲು ಮಾಲೀಕರು ಆ ಚಕ್ರವನ್ನು ಒಮ್ಮೆಯೂ ತಿರುಗಿಸಿರುವುದಿಲ್ಲ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ಮಂಜಿನಲ್ಲಿ ದೀಪ ಪ್ರಖರವಾದಷ್ಟೂ ಬೆಳಕು ಚಾಲಕನ ಕಣ್ಣಿಗೇ ಮರಳುತ್ತದೆ. ಅಲ್ಲಿ ಡಿಮ್ ಬೆಳಕೇ ಲೇಸು.

ತಪಾಸಣೆಗೆ ಬರುವವರಿಗೆ

15 ವರ್ಷ ಪೂರೈಸಿದ ಸಾರಿಗೇತರ ಕಾರಿನ ನೋಂದಣಿ ನವೀಕರಣಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವವರೂ, ಅರ್ಹತಾ ಪತ್ರ ನವೀಕರಿಸುವ ಟ್ಯಾಕ್ಸಿ ಮಾಲೀಕರೂ ತಪಾಸಣೆಯಲ್ಲಿ ಹೆಡ್‌ಲೈಟ್‌ಗಳ ಸ್ಥಿತಿ ಹಾಗೂ ಬೆಳಕಿನ ಓರೆಯನ್ನು ನೋಡಲಾಗುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಎಲ್‌ಇಡಿ ಅಥವಾ ಎಚ್‌ಐಡಿ ಕಿಟ್ ಅಳವಡಿಸಿದ್ದಲ್ಲಿ ಅದನ್ನು ತೆಗೆಸಿ, ಮೂಲ ಮಾದರಿಯ ಬಲ್ಬ್ ಹಾಕಿಸಿ, ಓರೆ ಸರಿಪಡಿಸಿಕೊಂಡು ವಾಹನವನ್ನು ಹಾಜರುಪಡಿಸುವುದು. ತಪಾಸಣೆ ಮುಗಿದ ಮೇಲೆ ಕಿಟ್ ಮರಳಿ ಕೂರಿಸಿದಲ್ಲಿ ಮೇಲ್ಕಂಡ ದಂಡದ ಉಪಬಂಧಗಳು ರಸ್ತೆಯ ಮೇಲೆಯೂ ಅನ್ವಯವಾಗುತ್ತವೆ.